ಇಳಿಸಿದ ಪೋಲೊ ಜಿಟಿ: ಹಂಪ್ ಬಂದರೆ ಟೈರ್ ಉಜ್ಜುತ್ತಿದೆ, ಎಷ್ಟು ಏರಿಸಬೇಕು?

ಬಳ್ಳಾರಿ_ಜಿಟಿ

ಎಲ್ಲರಿಗೂ ನಮಸ್ಕಾರ. ಗಾಡಿ ಪೋಲೊ ಜಿಟಿ ಟಿಎಸ್‌ಐ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಹಿಂದಿನ ಮಾಲೀಕರು ಕಾಯಿಲ್‌ಓವರ್ (ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸ್ಪ್ರಿಂಗ್, ಶಾಕ್ ಕಿಟ್) ಹಾಕಿಸಿ ಚೆನ್ನಾಗಿ ಇಳಿಸಿದ್ದಾರೆ, ನೋಡೋಕೆ ಸೂಪರ್ ಆಗಿದೆ, ಅದಕ್ಕೇ ತಗೊಂಡಿದ್ದು. ವೀಲ್ 17 ಇಂಚು, 7.5 ಜೆ (ಅಗಲ ಇಂಚಿನಲ್ಲಿ), ಇಟಿ 35 (ವೀಲ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ ಹೊರಗಿದೆ ಅಂತ). ಟೈರ್ 205/45 (ಅಗಲ ಮಿ.ಮೀನಲ್ಲಿ, ಸೈಡ್‌ವಾಲ್ ಎತ್ತರ ಅದರ ಶೇಕಡಾ ಎಷ್ಟು ಅಂತ). ಹಳೇ 15 ಇಂಚಿನ ವೀಲ್ ಕೂಡ ಕೊಟ್ಟಿದ್ದಾರೆ, ಅದರ ಹಿಂದೆ 6 ಜೆ ಇಟಿ 40 ಅಂತ ಇದೆ, ಟೈರ್ 185/60.

ಒಬ್ಬನೇ ಓಡಿಸುವಾಗ ತೊಂದರೆ ಕಡಿಮೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಕುರುಗೋಡು, ಕಂಪ್ಲಿ ಮೇಲೆ ಗಂಗಾವತಿಗೆ ಹೋದರೆ ಮಾತ್ರ ಪ್ರತಿ ಹಂಪ್‌ನಲ್ಲೂ ಹಿಂದೆ ಕರ್ ಅಂತ ಸದ್ದು ಬರುತ್ತದೆ. ವಾಪಸ್ ಬರುವಾಗ ಡಿಕ್ಕಿಯಲ್ಲಿ ಸೋನಾ ಮಸೂರಿ ಮೂಟೆ ಇದ್ದರಂತೂ ಕೇಳಲೇಬೇಡಿ. ಮುಂದೆ ಎರಡು ಕಡೆ ತಾಗುತ್ತದೆ: ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಫೆಂಡರ್ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ, ಮತ್ತೆ ತಿರುವಿನಲ್ಲಿ ಗುಂಡಿ ಬಂದರೆ ಫೆಂಡರ್ ಅಂಚಿಗೆ.

ಒಬ್ಬ ಮೆಕ್ಯಾನಿಕ್ ಒಂದು ಇಂಚು ಏರಿಸಿಬಿಡೋಣ ಅಂತಾರೆ. ಇನ್ನೊಬ್ಬರು ಫೆಂಡರ್ ಒಳಗೆ ಮಡಚೋಣ ಅಂತಾರೆ. ಗೆಳೆಯ ಸ್ಪೇಸರ್ (ಹಬ್‌ಗೂ ವೀಲ್‌ಗೂ ನಡುವೆ ಇಡುವ ಬಿಲ್ಲೆ) ಹಾಕು ಅಂತಾನೆ. ಲುಕ್ ಪೂರ್ತಿ ಹಾಳಾಗಬಾರದು, ಟೈರ್ ಕೂಡ ಉಳಿಯಬೇಕು. ಏನು ಮಾಡಲಿ?

ಸಿಂಧನೂರು_ಸ್ಪ್ಯಾನರ್

ಸ್ಪೇಸರ್ ಮಾತು ಮೊದಲು ತಲೆಯಿಂದ ತೆಗೀರಿ ಅಣ್ಣ. ಸ್ಪೇಸರ್ ಹಾಕಿದರೆ ವೀಲ್ ಇನ್ನೂ ಹೊರಗೆ ಬರುತ್ತದೆ. ಹೊರಗೆ ಬಂದಿರುವುದೇ ನಿಮ್ಮ ಕಾಯಿಲೆ.

ಲೆಕ್ಕ ನೋಡ್ರಿ. 6 ಜೆ ವೀಲ್ ಅಂದರೆ ಅರ್ಧ ಅಗಲ 76 ಮಿ.ಮೀ. ಅದರಲ್ಲಿ ಇಟಿ 40 ಕಳೆದರೆ ಹಬ್‌ನಿಂದ ಹೊರಗೆ 36 ಮಿ.ಮೀ ಮಾತ್ರ. 7.5 ಜೆ ಅರ್ಧ ಅಗಲ 95, ಇಟಿ 35 ಕಳೆದರೆ 60. ಅಂದರೆ ವೀಲ್ ಅಂಚು ಮೊದಲಿಗಿಂತ 24 ಮಿ.ಮೀ ಹೊರಗೆ ಬಂದಿದೆ, ಹತ್ತತ್ರ ಒಂದು ಇಂಚು. ಒಳಗಡೆಗೂ 14 ಮಿ.ಮೀ ಹೋಗಿದೆ. ಮೇಲಿಂದ ಟೈರ್ ಕೂಡ ದೊಡ್ಡದು. 185/60 ಆರ್15 ಎತ್ತರ ಸುಮಾರು 603 ಮಿ.ಮೀ, ನಿಮ್ಮ 205/45 ಆರ್17 ಎತ್ತರ 616. ಫುಲ್ ಲಾಕ್‌ನಲ್ಲಿ ಲೈನರ್‌ಗೆ ತಾಗುವುದಕ್ಕೆ ಇದೂ ಒಂದು ಕಾರಣ. ಹಿಂದಿನವರು ಇಳಿಸಿದ್ದು ಒಂದೇ ಅಲ್ಲ, ಮೂರು ಕಡೆಯಿಂದ ಜಾಗ ತಿಂದಿದ್ದಾರೆ.

ಏನನ್ನೂ ಬಿಚ್ಚುವ ಮೊದಲು ಎಲ್ಲಿ ತಾಗುತ್ತದೆ ಅಂತ ಗ್ಯಾರಂಟಿ ಮಾಡಿಕೊಳ್ಳಿ. ಟೈರ್ ಹೆಗಲಿಗೆ ಸೀಮೆಸುಣ್ಣ ದಪ್ಪಗೆ ಹಚ್ಚಿ, ಫೆಂಡರ್ ಅಂಚು ಮತ್ತು ಲೈನರ್ ಚೆನ್ನಾಗಿ ಒರೆಸಿ. ಆಮೇಲೆ ಹಿಂದೆ ಮೂರು ಜನ ಕೂರಿಸಿಕೊಂಡು ಅದೇ ಹಂಪ್ ಹತ್ತಿಸಿ ಬನ್ನಿ. ಸುಣ್ಣ ಎಲ್ಲಿ ಅಂಟಿದೆ ನೋಡಿ. ನಮ್ಮ ಕಡೆ ಕೆಂಪು ಧೂಳಿನಲ್ಲಿ ಹಳೇ ಗುರುತು ಯಾವುದು, ಹೊಸದು ಯಾವುದು ಗೊತ್ತೇ ಆಗಲ್ಲ, ಅದಕ್ಕೆ ಒರೆಸಿ ಅಂದಿದ್ದು. ಒಳಗಡೆ ಸ್ಪ್ರಿಂಗ್‌ಗೂ ಟೈರ್‌ಗೂ ನಡುವೆ ಎಷ್ಟು ಸಂದು ಇದೆ ಅನ್ನೋದನ್ನೂ ಅಳೆಯಿರಿ. ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಮೇಲೆ ಅದು ಬದಲಾಗುತ್ತದೆ. ಹಬ್ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ.

ಕೊಪ್ಪಳ_ಟಿಂಕರಿಂಗ್

ಫೆಂಡರ್ ಮಡಚುವುದು ನಮ್ಮ ಕೆಲಸ, ಅದಕ್ಕೆ ಹೇಳುತ್ತಿದ್ದೇನೆ. ಮುಂದಿನ ಫೆಂಡರ್ ಒಂದೇ ತಗಡು, ಬೋಲ್ಟ್ ಬಿಚ್ಚಿದರೆ ಬರುತ್ತದೆ, ಕೆಟ್ಟರೂ ಹೊಸದು ಹಾಕಬಹುದು. ಹೀಟ್ ಗನ್‌ನಿಂದ ಪೇಂಟ್ ಬೆಚ್ಚಗೆ ಮಾಡಿ, ಹಬ್‌ಗೆ ಕಟ್ಟುವ ರೋಲರ್‌ನಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬಂದರೆ ಒಳ ಅಂಚು ನೀಟಾಗಿ ಮಡಚುತ್ತದೆ. ಸುತ್ತಿಗೆ, ಬೇಸ್‌ಬಾಲ್ ಬ್ಯಾಟ್ ತಂದವರನ್ನು ಗಾಡಿ ಹತ್ತಿರವೇ ಬಿಡಬೇಡಿ.

ಹಿಂದಿನದು ಬೇರೆ ಕಥೆ. ಅಲ್ಲಿ ಒಳ ತಗಡು ಹೊರ ತಗಡು ಎರಡನ್ನೂ ಅಂಚಿನಲ್ಲಿ ಸೇರಿಸಿ ಸೀಲೆಂಟ್ ಹಾಕಿರುತ್ತಾರೆ. ಮಡಚಿದರೆ ಆ ಸೀಲೆಂಟ್ ಬಿರಿಯುತ್ತದೆ, ಮಳೆಗಾಲದ ನೀರು ಒಳಗೆ ಸೇರುತ್ತದೆ, ತುಕ್ಕು ಹೊರಗೆ ಕಾಣುವ ಹೊತ್ತಿಗೆ ಒಳಗೆ ತಗಡು ಪೊಳ್ಳಾಗಿರುತ್ತದೆ. ಮಡಚಲೇಬೇಕು ಅಂದರೆ ಮತ್ತೆ ಸೀಲೆಂಟ್ ಹಾಕಿ ಪೇಂಟ್ ಮಾಡಿಸಲೇಬೇಕು. ಅದೂ ಅಲ್ಲದೆ ಮಡಚಿದರೆ ಸಿಗುವುದು ಕೆಲವೇ ಮಿ.ಮೀ. ಮೇಲಿನವರ ಲೆಕ್ಕದ 24 ಮಿ.ಮೀ ಅದರಿಂದ ಬರಲ್ಲ. ನನಗೆ ಕೆಲಸ ಸಿಗುತ್ತೆ, ಆದರೂ ನಾನು ಬೇಡ ಅಂತಲೇ ಹೇಳುವುದು.

ರಾಯಚೂರು_ರಾಜಮಾರ್ಗ

ಸುಮ್ನೆ ಆ 15 ಇಂಚಿನ ವೀಲ್ ಹಾಕಿ, ಸ್ಟಾಕ್ (ಕಂಪನಿಯ) ಸಸ್ಪೆನ್ಷನ್ ಹುಡುಕಿ ಗುರು. ನಮ್ಮ ರಸ್ತೆಗೆ ಇಳಿಸಿದ ಗಾಡಿ ಯಾಕೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ ಎತ್ತರ, 3.7 ಮೀಟರ್ ಅಗಲ, ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯಬೇಕು. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಜನರೇ ಹಾಕುವ ಹಂಪ್ ನೋಡಿದ್ದೀರಲ್ಲ, ಗೋಡೆ ಕಟ್ಟಿದ ಹಾಗೆ ಇರುತ್ತದೆ. ಇನ್ನೊಂದು, ಇನ್ಶೂರೆನ್ಸ್‌ನವರಿಗೆ ಈ ಮಾಡಿಫಿಕೇಶನ್ ತಿಳಿಸಿದ್ದೀರಾ? ಗಾಡಿ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿ.

ಬಳ್ಳಾರಿ_ಜಿಟಿ

ರಾಯಚೂರು ಅಣ್ಣ, ನಿಮ್ಮ ಮಾತು ಸರಿ, ಇನ್ಶೂರೆನ್ಸ್ ವಿಷಯ ವಿಚಾರಿಸುತ್ತೇನೆ. ಆದರೆ ಸ್ಟಾಕ್‌ಗೆ ಹೋಗೋಕೆ ಮನಸ್ಸು ಒಪ್ಪುತ್ತಿಲ್ಲ.

ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಹಿಂದೆ ಎರಡೂ ಕಡೆ ಟೈರ್‌ನ ಹೊರ ಹೆಗಲು ಫೆಂಡರ್ ಅಂಚಿಗೆ ತಾಗುತ್ತಿದೆ, ಎಡಗಡೆ ಜಾಸ್ತಿ. ಮುಂದೆ ಅಂಚಿಗೆ ಸ್ವಲ್ಪ, ಲೈನರ್‌ನ ಮುಂಭಾಗಕ್ಕೆ ಚೆನ್ನಾಗಿ ತಾಗಿದೆ. ಒಳಗಡೆ ಸ್ಪ್ರಿಂಗ್‌ಗೂ ಟೈರ್‌ಗೂ ಒಂದು ಬೆರಳು ಹೋಗುವಷ್ಟು ಸಂದು ಇದೆ. ನಿಂತಾಗ ಟೈರ್‌ಗೂ ಫೆಂಡರ್‌ಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗುತ್ತದೆ, ಆದರೂ ಯಾಕೆ ತಾಗುತ್ತದೆ ಅನ್ನೋದೇ ಅರ್ಥ ಆಗುತ್ತಿಲ್ಲ.

ಮುಂದಿನ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಇರುವ ಭಾಗ) ಸ್ಪ್ರಿಂಗ್ ಕೆಳಗೆ ಎರಡು ರಿಂಗ್ ಇವೆ. ಇನ್ನೂ ಕೆಳಗೆ, ಬ್ರಾಕೆಟ್ ಹತ್ತಿರ ಇನ್ನೊಂದು ರಿಂಗ್ ಇದೆ. ಯಾವುದನ್ನು ತಿರುಗಿಸಬೇಕು?

ಸಿಂಧನೂರು_ಸ್ಪ್ಯಾನರ್

ಒಳ್ಳೇ ಪ್ರಶ್ನೆ ಕೇಳಿದ್ರಿ. ಗ್ಯಾರೇಜ್‌ಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ.

ಗಾಡಿ ನಿಂತಾಗ ಎಷ್ಟು ಎತ್ತರ ಇದೆ ಅನ್ನೋದು ಲುಕ್‌ನ ವಿಷಯ. ಟೈರ್ ಉಜ್ಜುವುದು ಶಾಕ್ ಪೂರ್ತಿ ಒತ್ತಿದಾಗ. ಎರಡೂ ಬೇರೆ ಬೇರೆ. ಸ್ಪ್ರಿಂಗ್ ಕೆಳಗಿನ ರಿಂಗ್ ಮೇಲಕ್ಕೆ ತಿರುಗಿಸಿದರೆ ಗಾಡಿ ಏರುತ್ತದೆ ನಿಜ, ಆದರೆ ಶಾಕ್‌ನ ಉದ್ದ ಬದಲಾಗಲಿಲ್ಲ, ಬಂಪ್‌ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ತುಂಡು) ಎಲ್ಲಿತ್ತೋ ಅಲ್ಲೇ ಇದೆ. ದೊಡ್ಡ ಗುಂಡಿಗೆ ಬಿದ್ದಾಗ ವೀಲ್ ಮೊದಲು ಎಷ್ಟು ಮೇಲೆ ಹೋಗುತ್ತಿತ್ತೋ ಈಗಲೂ ಅಷ್ಟೇ ಮೇಲೆ ಹೋಗುತ್ತದೆ. ಚಿಕ್ಕ ಹಂಪ್‌ನಲ್ಲಿ ಸದ್ದು ನಿಲ್ಲುತ್ತದೆ, ದೊಡ್ಡದರಲ್ಲಿ ಮತ್ತೆ ಕರ್. ಗ್ಯಾರೇಜಿನಿಂದ ಖುಷಿಯಾಗಿ ಹೊರಗೆ ಬಂದು ನಿಮ್ಮ ಬಳ್ಳಾರಿಯ ಸುಧಾ ಕ್ರಾಸ್ ದಾಟುವಷ್ಟರಲ್ಲಿ ಬೈಯುವವರೆಲ್ಲ ಈ ರಿಂಗ್ ತಿರುಗಿಸಿಕೊಂಡವರೇ.

ನಿಮ್ಮ ಸ್ಟ್ರಟ್‌ನಲ್ಲಿ ಕೆಳಗೆ ಮೂರನೇ ರಿಂಗ್ ಇದೆ ಅಂದರೆ ನಿಮ್ಮ ಅದೃಷ್ಟ. ಸ್ಪ್ರಿಂಗ್ ರಿಂಗ್‌ಗಳನ್ನು ಮುಟ್ಟಬೇಡಿ. ಕೆಳಗಿನ ರಿಂಗ್ ಸಡಿಲ ಮಾಡಿ, ಶಾಕ್ ಬಾಡಿಯನ್ನು ಬ್ರಾಕೆಟ್‌ನಿಂದ ಹೊರಗೆ ತಿರುಗಿಸಿದರೆ ಸ್ಟ್ರಟ್‌ನ ಒಟ್ಟು ಉದ್ದವೇ ಹೆಚ್ಚುತ್ತದೆ. ಆಗ ಗಾಡಿಯೂ ಏರುತ್ತದೆ, ಪೂರ್ತಿ ಒತ್ತಿದಾಗ ವೀಲ್ ನಿಲ್ಲುವ ಜಾಗವೂ ಅಷ್ಟೇ ಕೆಳಗೆ ಬರುತ್ತದೆ. ಮುಂದೆ 10 ಮಿ.ಮೀಯಿಂದ ಶುರು ಮಾಡಿ. ಒಂದು ಇಂಚು ಒಂದೇ ಸಲ ಬೇಡ. ಬಾಡಿಯ ದಾರ ಬ್ರಾಕೆಟ್ ಒಳಗೆ ಕನಿಷ್ಠ ಎಷ್ಟು ಉಳಿದಿರಬೇಕು ಅಂತ ಕಿಟ್‌ನ ಹಾಳೆಯಲ್ಲಿ ಇರುತ್ತದೆ, ಅದನ್ನು ಮೀರಬೇಡಿ, ಜೀವಕ್ಕೆ ಅಪಾಯ.

ಹಿಂದೆ ಪೋಲೊದಲ್ಲಿ ಬೀಮ್ ಆಕ್ಸಲ್ (ಎರಡೂ ವೀಲ್ ಸೇರಿಸುವ ಒಂದೇ ತೊಲೆ). ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಅಲ್ಲಿ ಎತ್ತರದ ರಿಂಗ್ ಸ್ಪ್ರಿಂಗ್‌ಗೆ ಮಾತ್ರ. ಅದಕ್ಕೇ ಹಿಂದೆ ಬರೀ ಏರಿಸಿದರೆ ಸಾಲದು, ಶಾಕ್ ರಾಡ್ ಮೇಲೆ ಬಂಪ್‌ಸ್ಟಾಪ್‌ಗೆ ಪ್ಯಾಕರ್ (ಸಂದು ತುಂಬುವ ಬಿಲ್ಲೆ) ಹಾಕಿ ವೀಲ್ ಮೇಲೆ ಹೋಗುವುದನ್ನೇ ತಡೀಬೇಕು. ಪ್ಯಾಕರ್ ಹಾಕಿದಷ್ಟೂ ಆಟ ಕಡಿಮೆಯಾಗುತ್ತದೆ, ಫುಲ್ ಲೋಡ್‌ನಲ್ಲಿ ಬಂಪ್‌ಸ್ಟಾಪ್ ಮೇಲೇ ಕೂತು ಓಡುವ ಹಾಗೆ ಆಗಬಾರದು. ಅದಕ್ಕೆ 10–15 ಮಿ.ಮೀ ಏರಿಸುವುದು, ತೆಳುವಾದ ಪ್ಯಾಕರ್ ಹಾಕುವುದು, ಎರಡೂ ಒಟ್ಟಿಗೆ. ಹಿಂದಿನ ರಿಂಗ್ 5 ಮಿ.ಮೀ ತಿರುಗಿಸಿದರೆ ಫೆಂಡರ್ ಸರಿಯಾಗಿ 5 ಮಿ.ಮೀ ಏರುತ್ತದೆ ಅಂತ ನಂಬಬೇಡಿ. ತಿರುಗಿಸಿ, ಗಾಡಿ ಇಳಿಸಿ, ಸ್ವಲ್ಪ ಮುಂದೆ ಹಿಂದೆ ಓಡಿಸಿ, ಆಮೇಲೆ ಅಳೆಯಿರಿ. ಹಿಂದೆ ಕ್ಯಾಂಬರ್ (ವೀಲ್ ಒಳಗೆ ಹೊರಗೆ ವಾಲುವ ಕೋನ) ತಿರುಗಿಸೋಕೆ ಬೋಲ್ಟ್ ಇಲ್ಲ, ಶಿಮ್ (ತೆಳು ಬಿಲ್ಲೆ) ಹಾಕಬೇಕು, ಆ ತಲೆನೋವು ಈಗಲೇ ಬೇಡ.

ಮುಂದೆ ಸ್ಟ್ರಟ್ ಮೇಲೆ ಕ್ಯಾಂಬರ್ ಪ್ಲೇಟ್ ಇದ್ದರೆ ಒಂದು ಡಿಗ್ರಿ ನೆಗೆಟಿವ್ ಕೊಡಿ. ಹಬ್‌ಗೆ ಹೋಲಿಸಿದರೆ ಟೈರ್‌ನ ಮೇಲ್ತುದಿ ಸುಮಾರು 5 ಮಿ.ಮೀ ಒಳಗೆ ವಾಲುತ್ತದೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಟೈರ್ ಒಳ ಅಂಚು ಬೇಗ ಸವೆಯುತ್ತದೆ.

ಲೈನರ್‌ಗೆ ತಾಗುವುದು ಇದರಿಂದ ಪೂರ್ತಿ ಹೋಗಲಿಕ್ಕಿಲ್ಲ. ಅದಕ್ಕೆ ಮದ್ದು ಟೈರ್. 205/40 ಆರ್17 ಹಾಕಿದರೆ ಎತ್ತರ 596 ಮಿ.ಮೀ, ಈಗಿನದಕ್ಕಿಂತ 20 ಮಿ.ಮೀ ಚಿಕ್ಕದು. ಲೋಡ್ ಇಂಡೆಕ್ಸ್ 84 ಇರುವುದನ್ನೇ ತಗೊಳ್ಳಿ, ಅಂದರೆ ಒಂದು ಟೈರ್‌ಗೆ 500 ಕೆಜಿ. ಸೈಡ್‌ವಾಲ್ ತೆಳುವಾದ್ದರಿಂದ ಗುಂಡಿಯಲ್ಲಿ ರಿಮ್ ಬಾಗುವ ಭಯ ಹೆಚ್ಚು, ತೋರಣಗಲ್ಲು ಕಡೆ ಅದಿರು ಲಾರಿ ಹಿಂದೆ ಹೋಗುವಾಗ ನೆನಪಿರಲಿ.

ಕೊಪ್ಪಳ_ಟಿಂಕರಿಂಗ್

ರಿಂಗ್ ತಿರುಗಿಸುವ ಮೊದಲು ದಾರ ಕ್ಲೀನ್ ಮಾಡಿ. ಅದಿರಿನ ಧೂಳು ಎಣ್ಣೆಗೆ ಅಂಟಿ ಗಾರೆ ಹಾಗೆ ಗಟ್ಟಿಯಾಗಿರುತ್ತದೆ. ಬ್ರಷ್ ಹಾಕಿ, ನೀರು ಬಿಟ್ಟು ತೊಳೆದು, ರಸ್ಟ್ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಡಿ. ಹಾಗೇ ಸಿ ಸ್ಪ್ಯಾನರ್ ಹಾಕಿ ಜಗ್ಗಿದರೆ ಅಲ್ಯೂಮಿನಿಯಂ ರಿಂಗ್‌ನ ಕಚ್ಚು ಮುರಿಯುತ್ತದೆ. ಜಾಕಿ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ.

ಬಳ್ಳಾರಿ_ಜಿಟಿ

ತುಂಬಾ ಥ್ಯಾಂಕ್ಸ್, ಈಗ ಅರ್ಥ ಆಯ್ತು. ವೀಲೇ ಬದಲಿಸಿದರೆ ಹೇಗೆ? ಇಲ್ಲಿ ಒಬ್ಬರ ಹತ್ತಿರ 17 ಇಂಚು, 7 ಜೆ, ಇಟಿ 45 ಇದೆ, ನನ್ನ ವೀಲ್‌ಗೆ ಅದಲು ಬದಲು ಮಾಡಿಕೊಳ್ಳುತ್ತಾರಂತೆ.

ಸಿಂಧನೂರು_ಸ್ಪ್ಯಾನರ್

ಸಿಕ್ಕರೆ ಬಿಡಬೇಡಿ! ಹೊರಗಡೆ ಈಗಿನದಕ್ಕಿಂತ 16 ಮಿ.ಮೀ ಒಳಗೆ ಹೋಗುತ್ತದೆ. ಒಳಗಡೆ ಸ್ಪ್ರಿಂಗ್ ಕಡೆಗೆ ಬರೀ 4 ಮಿ.ಮೀ ಹತ್ತಿರ ಆಗುತ್ತದೆ, ನಿಮ್ಮ ಒಂದು ಬೆರಳಿನ ಸಂದಿಯಲ್ಲಿ ಅದಕ್ಕೆ ಜಾಗ ಇದೆ. ಆಗ ಅಷ್ಟು ಏರಿಸುವ ಗೋಜೂ ಇರಲ್ಲ, ಲುಕ್ ಕೂಡ ಉಳಿಯುತ್ತದೆ. ಮೊದಲು ವೀಲ್ ಹಾಕಿ ನೋಡಿ, ಆಮೇಲೆ ರಿಂಗ್ ಮುಟ್ಟಿ.

ಪಿಸಿಡಿ 5x100 (100 ಮಿ.ಮೀ ವೃತ್ತದಲ್ಲಿ ಐದು ಬೋಲ್ಟ್) ಇದೆಯಾ, ನಡುವಿನ ರಂಧ್ರ 57.1 ಮಿ.ಮೀ ಇದೆಯಾ ನೋಡಿ. ರಂಧ್ರ ದೊಡ್ಡದಿದ್ದರೆ ಸೆಂಟರಿಂಗ್ ರಿಂಗ್ ಬೇಕು, ಇಲ್ಲದಿದ್ದರೆ ಸ್ಪೀಡ್‌ನಲ್ಲಿ ಸ್ಟೇರಿಂಗ್ ನಡುಗಬಹುದು. ಬೋಲ್ಟ್ ತಲೆಯ ಕೆಳಭಾಗವೂ ನೋಡಿ. ಕಂಪನಿ ವೀಲ್‌ಗೆ ಗುಂಡಗಿನ ಸೀಟ್, ಹೊರಗಿನ ವೀಲ್‌ಗೆ ಸಾಮಾನ್ಯವಾಗಿ ಕೋನ್ ಸೀಟ್. ಒಂದರದು ಇನ್ನೊಂದಕ್ಕೆ ಹಾಕಿದರೆ ಟೈಟ್ ಆದ ಹಾಗೆ ಕಾಣುತ್ತದೆ, ಆದರೆ ಓಡುತ್ತಾ ಸಡಿಲ ಆಗುತ್ತದೆ. 120 ನ್ಯೂಟನ್ ಮೀಟರ್‌ಗೆ ಟಾರ್ಕ್ ಮಾಡಿಸಿ.

ಎತ್ತರ ಬದಲಿಸಿದರೆ ಮುಂದಿನ ಸಸ್ಪೆನ್ಷನ್ ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಸಡಿಲ ಮಾಡಿ, ಗಾಡಿ ನಾಲ್ಕೂ ವೀಲ್ ಮೇಲೆ ನಿಂತ ಮೇಲೆ ಮತ್ತೆ ಟೈಟ್ ಮಾಡಲು ಹೇಳಿ. ನೇತಾಡುವಾಗ ಟೈಟ್ ಮಾಡಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ಅಲೈನ್‌ಮೆಂಟ್, ಟೋ (ವೀಲ್‌ನ ಮುಂಭಾಗ ಒಳಗೆ ಹೊರಗೆ ತಿರುಗಿರುವ ಕೋನ) ಖಂಡಿತ ಬದಲಾಗಿರುತ್ತದೆ. ಹೋಗುವಾಗ ಡಿಕ್ಕಿಯ ಮೂಟೆ ಇಳಿಸಿ ಹೋಗಿ.