ಅಪ್‌ಡೇಟ್: ಬೇಸಿಗೆ ಫೆಲೋಶಿಪ್ ಸಿಕ್ಕಿತು!

ಬಿಎಸ್ಸಿಯಲ್ಲೇ ಗಣಿತ ಸಂಶೋಧನೆ ಮಾಡಬಹುದಾ, ಸಣ್ಣ ಊರಿನ ಕಾಲೇಜಿನವರನ್ನು ತಗೊಳ್ತಾರಾ ಅಂತ ಕೇಳಿದ್ದೆ. ತಗೊಂಡರು! ನೀವು ಹೇಳಿದಂತೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಫೆಲೋಶಿಪ್‌ಗೆ ಅರ್ಜಿ ಹಾಕಿದೆ, ಎರಡು ತಿಂಗಳು ಬೆಂಗಳೂರಿನಲ್ಲಿ ಒಬ್ಬ ಮೇಡಂ ಹತ್ತಿರ ಕೆಲಸ ಮಾಡಿದೆ.

ವಿಷಯ ರಾಮಾನುಜನ್ ಅಧ್ಯಯನ ಮಾಡಿದ ಪಾರ್ಟಿಷನ್, ಅಂದರೆ ಒಂದು ಸಂಖ್ಯೆಯನ್ನು ಎಷ್ಟು ರೀತಿ ಮೊತ್ತವಾಗಿ ಒಡೆಯಬಹುದು ಅನ್ನುವುದು. 4 ಅನ್ನು ಧನ ಪೂರ್ಣಾಂಕಗಳ ಮೊತ್ತವಾಗಿ 5 ರೀತಿ ಬರೆಯಬಹುದು (3+1, 1+3 ಎರಡೂ ಒಂದೇ ಅಂತ ಲೆಕ್ಕ), 9 ಅನ್ನು 30 ರೀತಿ, 14 ಅನ್ನು 135 ರೀತಿ, ಹೀಗೆ ಐದೈದು ಮುಂದೆ ಹೋದರೆ ಉತ್ತರ ಯಾವಾಗಲೂ 5ರಿಂದ ಭಾಗವಾಗುತ್ತದೆ. ಚೆಂದ ಅಲ್ವಾ? ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಮೇಡಂ ಕೇಳಿದ್ದು ಒಂದೇ: "ಯಾಕೆ ಹಾಗೆ?" ಆಮೇಲೆ ಪೂರ್ತಿ ಅದರ ಸಾಧನೆ (ಪ್ರೂಫ್) ಓದುವುದೇ ಕೆಲಸ, ನನಗೆ ಜಾಸ್ತಿ ಇಷ್ಟವಾಗಿದ್ದೂ ಅದೇ.

ಅರ್ಜಿ ಹಾಕುವವರು ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಮೊದಲೇ ಕೇಳಿ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.