ಭಜನೆಯ ಧ್ವನಿಮುದ್ರಣದಲ್ಲಿ ಹಮ್ಮಿಂಗ್: ಐಪ್ಯಾಡ್, ಆಡಿಯೋ ಇಂಟರ್‌ಫೇಸ್, ಗುಡಿಯ ಮೈಕ್‌ಸೆಟ್ ಒಟ್ಟಿಗೆ ಜೋಡಿಸಿದಾಗ

ಪ್ರಶ್ನೆ – ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮೂರಿನ ಹನುಮಪ್ಪನ ಗುಡಿಯಲ್ಲಿ ಪ್ರತಿ ಅಮಾವಾಸ್ಯೆಯ ರಾತ್ರಿ ಭಜನೆ ನಡೆಯುತ್ತದೆ. ನಮ್ಮ ತಂದೆಯವರೂ ಸೇರಿದಂತೆ ಆರು ಜನ ಹಿರಿಯರು ಏಕತಾರಿ, ಹಾರ್ಮೋನಿಯಂ, ದಮ್ಮಡಿ, ತಾಳಗಳೊಂದಿಗೆ ತತ್ವಪದಗಳನ್ನು ಹಾಡುತ್ತಾರೆ. ಇವರಲ್ಲಿ ಇಬ್ಬರಿಗೆ ಎಂಬತ್ತು ದಾಟಿದೆ. ಅವರ ಬಾಯಲ್ಲಿರುವ ಕೆಲವು ಪದಗಳು ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿಲ್ಲವಾದ್ದರಿಂದ, ಅವನ್ನು ಸರಿಯಾಗಿ ಮುದ್ರಿಸಿ ಇಡಬೇಕೆಂದು ಹಲವು ತಿಂಗಳುಗಳಿಂದ ಪ್ರಯತ್ನಿಸುತ್ತಿದ್ದೇನೆ.

ನನ್ನ ಬಳಿ ಇರುವುದು ಒಂಬತ್ತನೇ ತಲೆಮಾರಿನ ಐಪ್ಯಾಡ್, ಅಂದರೆ ಲೈಟ್ನಿಂಗ್ ಪೋರ್ಟ್ ಇರುವುದು, ಎರಡು ಚಾನೆಲ್‌ಗಳ ಒಂದು ಸಣ್ಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕಿನ ಧ್ವನಿಯನ್ನು ಐಪ್ಯಾಡಿಗೆ ದಾಟಿಸುವ ಪೆಟ್ಟಿಗೆ) ಮತ್ತು ಒಂದು ಕಂಡೆನ್ಸರ್ ಮೈಕ್. ಮುದ್ರಣಕ್ಕೆ ಗ್ಯಾರೇಜ್‌ಬ್ಯಾಂಡ್ ಆಪ್ ಬಳಸುತ್ತೇನೆ. ಮೊದಲ ಚಾನೆಲ್‌ಗೆ ನನ್ನ ಮೈಕ್, ಎರಡನೆಯದಕ್ಕೆ ಗುಡಿಯ ಆಂಪ್ಲಿಫೈಯರ್‌ನ ಹಿಂಬದಿಯಿಂದ ಆರ್‌ಸಿಎ ವೈರ್ ಎಳೆದಿದ್ದೇನೆ.

ಸಾಮಾನ್ಯ ಯುಎಸ್‌ಬಿ ಅಡಾಪ್ಟರ್ ಹಾಕಿ ಕಂಡೆನ್ಸರ್ ಮೈಕಿಗೆ ವಿದ್ಯುತ್ ಕೊಡುವ, ಇಂಟರ್‌ಫೇಸಿನ 48 ವೋಲ್ಟ್ ಬಟನ್ ಒತ್ತಿದೊಡನೆ, ಈ ಸಾಧನಕ್ಕೆ ಹೆಚ್ಚು ವಿದ್ಯುತ್ ಬೇಕು ಎಂಬ ಸಂದೇಶ ಬಂದು ಎಲ್ಲವೂ ಕಡಿದುಹೋಗುತ್ತದೆ. ಚಾರ್ಜರ್ ಜೋಡಿಸಲು ಅವಕಾಶವಿರುವ ಕ್ಯಾಮೆರಾ ಅಡಾಪ್ಟರ್ ತರಿಸಿ, ಗುಡಿಯ ಪ್ಲಗ್ ಪಾಯಿಂಟಿಗೆ ಚಾರ್ಜರ್ ಹಾಕಿದೆ. ಮೈಕ್ ಕೆಲಸ ಮಾಡಿತು, ಆದರೆ ಎರಡೂ ಚಾನೆಲ್‌ಗಳಲ್ಲಿ ‘ಗುಂಯ್’ ಎಂಬ ಹಮ್ಮಿಂಗ್ ತುಂಬಿಕೊಂಡಿತು. ಹಾಡು ನಿಂತಾಗ ಅದೊಂದೇ ಕೇಳಿಸುತ್ತದೆ. ಆಪ್‌ನಲ್ಲಿ ಸಣ್ಣ ಸದ್ದುಗಳನ್ನು ತಡೆಯುವ ನಾಯ್ಸ್ ಗೇಟ್ ಹಾಕಿದರೆ ಏಕತಾರಿಯ ನಾದದ ಬಾಲವೇ ಕತ್ತರಿಸಿಹೋಗುತ್ತದೆ. ಇಂಟರ್‌ಫೇಸ್ ಬದಲಾಯಿಸಬೇಕೇ?

ಉತ್ತರ – ರಾಯಚೂರು

ಮೇಡಂ, ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ನಾನು ಇಪ್ಪತ್ತು ವರ್ಷಗಳಿಂದ ನಾಟಕಗಳಿಗೂ ಜಾತ್ರೆಗಳಿಗೂ ಮೈಕ್‌ಸೆಟ್ ಕಟ್ಟುತ್ತಿದ್ದೇನೆ. ನೀವು ಹೇಳಿದ ಲಕ್ಷಣಗಳಲ್ಲಿ ಇಂಟರ್‌ಫೇಸ್ ಕೆಟ್ಟಿರುವ ಸೂಚನೆ ಒಂದೂ ಇಲ್ಲ.

ವಿದ್ಯುತ್ತಿನ ಲೆಕ್ಕ ಸರಳವಾದದ್ದು. ಯುಎಸ್‌ಬಿ 2.0 ಮಟ್ಟದ ಸಾಧನಕ್ಕೆ ಸಿಗುವುದು 5 ವೋಲ್ಟಿನಲ್ಲಿ ಹೆಚ್ಚೆಂದರೆ 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. ಲೈಟ್ನಿಂಗ್ ಪೋರ್ಟ್ ತಾನಾಗಿ ಅಷ್ಟನ್ನೂ ಕೊಡುವುದಿಲ್ಲ. 48 ವೋಲ್ಟಿನ ಫ್ಯಾಂಟಮ್ ಪವರ್ ಒಂದು ಮೈಕಿಗೆ ನಿಯಮದಂತೆ 10 ಮಿಲಿಆಂಪ್‌ವರೆಗೂ ಹರಿಸಬೇಕಾಗುತ್ತದೆ. ಅದೇ ಹತ್ತಿರ ಹತ್ತಿರ ಅರ್ಧ ವ್ಯಾಟ್ ಆಯಿತು, 5 ವೋಲ್ಟನ್ನು 48ಕ್ಕೆ ಏರಿಸುವಾಗ ಆಗುವ ನಷ್ಟ ಬೇರೆ. ಆದ್ದರಿಂದ ಹೊರಗಿನ ವಿದ್ಯುತ್ ಬೇಕೇ ಬೇಕು, ಕ್ಯಾಮೆರಾ ಅಡಾಪ್ಟರ್ ತರಿಸಿದ್ದು ಸರಿಯಾಗಿಯೇ ಇದೆ. ಆದರೆ ಆ ವಿದ್ಯುತ್ ಗುಡಿಯ ಗೋಡೆಯಿಂದಲೇ ಬರಬೇಕೆಂದೇನಿಲ್ಲ.

ಮೊಬೈಲಿಗೆ ಬಳಸುವ ಪವರ್ ಬ್ಯಾಂಕ್ ಒಂದನ್ನು ತೆಗೆದುಕೊಂಡು, ಚಾರ್ಜರಿನ ಜಾಗದಲ್ಲಿ ಅದನ್ನು ಕ್ಯಾಮೆರಾ ಅಡಾಪ್ಟರಿಗೆ ಜೋಡಿಸಿ. ಆಂಪ್ಲಿಫೈಯರ್‌ನಿಂದ ಬರುವ ಆರ್‌ಸಿಎ ವೈರನ್ನು ಪೂರ್ತಿ ಬಿಚ್ಚಿಡಿ. ಮೈಕ್ ಒಂದರಿಂದಲೇ ಒಂದು ನಿಮಿಷದ ಮೌನವನ್ನು ಮುದ್ರಿಸಿ. ಅದಾದ ಮೇಲೆ ಬೇರೇನನ್ನೂ ಬದಲಿಸದೆ ಆರ್‌ಸಿಎ ವೈರನ್ನು ಮತ್ತೆ ಹಾಕಿ ಇನ್ನೊಂದು ನಿಮಿಷ ಮುದ್ರಿಸಿ. ಕೊನೆಗೆ, ವೈರ್ ಇದ್ದಂತೆಯೇ ಇರಲಿ, ಆಂಪ್ಲಿಫೈಯರ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಮತ್ತೊಂದು ನಿಮಿಷ ಮುದ್ರಿಸಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹಮ್ಮಿಂಗ್ ಇರುವಾಗ ಇಂಟರ್‌ಫೇಸಿನ ಲೋಹದ ಮೈಯನ್ನು ಮುಟ್ಟಿದರೆ ಸದ್ದು ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನೂ ಗಮನಿಸಿ.

ಇನ್ನೊಂದು ಮಾತು. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಅದರ ಇಮ್ಮಡಿಯಾದ 100 ಹರ್ಟ್ಸ್ ನಾದವೇ ಸಾಮಾನ್ಯವಾಗಿ ಹಮ್ಮಿಂಗ್ ಆಗಿ ಎದ್ದು ಕೇಳಿಸುವುದು. ಅದು ಹಾರ್ಮೋನಿಯಂನ ಬಿಳಿ ಐದರ (ಐದನೇ ಬಿಳಿ ಮನೆಯ) ಸ್ವರಕ್ಕಿಂತ ಸ್ವಲ್ಪವೇ ಮೇಲೆ ಕೂರುತ್ತದೆ. ನಿಮ್ಮ ಹಿರಿಯರು ಕರಿ ಒಂದರಲ್ಲಿ, ಅಂದರೆ ಮೊದಲ ಕರಿ ಮನೆಯನ್ನು ಷಡ್ಜವಾಗಿಟ್ಟು ಹಾಡುವವರಾದರೆ, ಅವರ ಷಡ್ಜಕ್ಕೆ ಅದು ತೀವ್ರ ಮಧ್ಯಮವಾಗುತ್ತದೆ, ಅದೂ ಸ್ವಲ್ಪ ಏರಿದ ತೀವ್ರ ಮಧ್ಯಮ. ಹಾಡಿನುದ್ದಕ್ಕೂ ಬೇಡದ ಸ್ವರವೊಂದು ಕೆಳಗಿನಿಂದ ಹಿಡಿದು ಎಳೆದಂತೆ ಕೇಳಿಸುವುದಕ್ಕೆ ಇದೇ ಕಾರಣ.

ಮರುಪ್ರಶ್ನೆ – ಯಲಬುರ್ಗಾ ತಾಲ್ಲೂಕು

ಸರ್, ಅವರ ಶ್ರುತಿ ಕರಿ ಒಂದೇ. ನೀವು ಬರೆದದ್ದನ್ನು ಓದಿದ ಮೇಲೆ ಹಾರ್ಮೋನಿಯಂನಲ್ಲಿ ಬಿಳಿ ಐದನ್ನು ಒತ್ತಿ ಹಿಡಿದು ಕೇಳಿದೆ. ಹಮ್ಮಿಂಗಿಗೂ ಅದಕ್ಕೂ ಒಂದು ಎಳೆಯಷ್ಟೇ ಅಂತರ, ಎರಡೂ ಕೂಡಿ ಅಲೆ ಅಲೆಯಾಗಿ ಕೇಳಿಸಿದವು.

ಪರೀಕ್ಷೆಗಳ ಫಲಿತಾಂಶ ಹೀಗಿದೆ. ಪವರ್ ಬ್ಯಾಂಕ್ ಹಾಕಿ ಮೈಕ್ ಒಂದನ್ನೇ ಇಟ್ಟಾಗ ಮುದ್ರಣ ಸಂಪೂರ್ಣ ಸ್ವಚ್ಛವಾಗಿತ್ತು, ದೂರದಲ್ಲಿ ಬೋರ್‌ವೆಲ್ ಮೋಟರ್ ಓಡುವುದು ಕೂಡ ತಿಳಿಯುತ್ತಿತ್ತು. 48 ವೋಲ್ಟ್ ಬಟನ್ ಒತ್ತಿದರೂ ಏನೂ ಕಡಿದುಹೋಗಲಿಲ್ಲ. ಆರ್‌ಸಿಎ ವೈರ್ ಹಾಕಿದ ಕೂಡಲೇ ಹಮ್ಮಿಂಗ್ ಮರಳಿತು, ಮೊದಲಿಗಿಂತ ಕಡಿಮೆ. ಆಂಪ್ಲಿಫೈಯರ್‌ನ ಪ್ಲಗ್ ಕಿತ್ತಾಗ ಮತ್ತೆ ಮಾಯವಾಯಿತು. ಇಂಟರ್‌ಫೇಸನ್ನು ಮುಟ್ಟಿದರೆ ಸದ್ದು ಬದಲಾಗುತ್ತದೆ.

ಮುಖ್ಯವಲ್ಲವೆಂದುಕೊಂಡು ಮೊದಲು ಬರೆಯದಿದ್ದ ಒಂದು ಸಂಗತಿಯಿದೆ. ಹಾಡುವಾಗ ಗುಡಿಯ ಮೈಕ್ ತುಟಿಗೆ ತಾಗಿದರೆ ಜುಮ್ ಎನ್ನುತ್ತದೆಂದು ನಮ್ಮ ತಂದೆಯವರು ಮೊದಲಿನಿಂದಲೂ ಹೇಳುತ್ತಿದ್ದರು. ಅದಕ್ಕಾಗಿಯೇ ಮೈಕಿಗೆ ಕರವಸ್ತ್ರ ಸುತ್ತಿ ಹಾಡುತ್ತಾರೆ.

ಉತ್ತರ – ರಾಯಚೂರು

ಮೇಡಂ, ಮುಖ್ಯವಾದದ್ದು ಅದೇ ಸಂಗತಿ. ಅರ್ಥಿಂಗ್ ಪರೀಕ್ಷಿಸುವವರೆಗೆ ಆ ಆಂಪ್ಲಿಫೈಯರನ್ನು ದಯವಿಟ್ಟು ಬಳಸಬೇಡಿ. ತುಟಿಗೆ ಜುಮ್ ಎನ್ನುವುದೆಂದರೆ ಆಂಪ್ಲಿಫೈಯರ್‌ನ ಡಬ್ಬಿಗೆ ಸೋರಿದ ವಿದ್ಯುತ್ತಿಗೆ ನೆಲಕ್ಕೆ ಇಳಿಯುವ ದಾರಿ ಇಲ್ಲವೆಂದು ಅರ್ಥ. ಇಂದು ಜುಮ್ ಎಂದದ್ದು, ಒಳಗಿನ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಹಾಳಾದ ದಿನ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತವರ ಜೀವಕ್ಕೇ ಬರುತ್ತದೆ.

ಹಮ್ಮಿಂಗಿನ ಮೂಲವೂ ಅಲ್ಲಿಯೇ ಇದೆ. ಸೋರಿದ ವಿದ್ಯುತ್ತಿಗೆ ಅರ್ಥ್ ವೈರಿನಲ್ಲಿ ದಾರಿ ಸಿಗದಿದ್ದಾಗ, ಅದು ನಿಮ್ಮ ಆರ್‌ಸಿಎ ವೈರಿನ ಹೊರ ಜಾಲರಿಯ ಮೂಲಕ ಇಂಟರ್‌ಫೇಸಿಗೆ ಬಂದು, ಅಲ್ಲಿಂದ ಚಾರ್ಜರಿನ ಕಡೆಗೋ ಮುಟ್ಟಿದವರ ಕೈಗೋ ಹರಿಯುತ್ತದೆ. ಆರ್‌ಸಿಎ ವೈರಿನಲ್ಲಿ ಆ ಜಾಲರಿಯೇ ಧ್ವನಿಸಂಕೇತದ ಅರ್ಧ ದಾರಿಯಾಗಿರುವುದರಿಂದ, ಅದರಲ್ಲಿ ಹರಿದ ಅನ್ಯ ವಿದ್ಯುತ್ತೆಲ್ಲ ಹಾಡಿನೊಂದಿಗೆ ಬೆರೆತುಹೋಗುತ್ತದೆ. ಎರಡು ಪಿನ್ನಿನ ಚಾರ್ಜರುಗಳೂ ಇದೇ ರೀತಿ ಅತ್ಯಲ್ಪ ವಿದ್ಯುತ್ತನ್ನು ಸೋರಿಸುತ್ತವೆ. ಚಾರ್ಜರ್ ತೆಗೆದಾಗ ಹಮ್ಮಿಂಗ್ ಇಳಿದರೂ ಪೂರ್ತಿ ಹೋಗದಿದ್ದುದು ಇದರಿಂದಲೇ.

ತಿಳಿದ ವೈರ್‌ಮನ್ ಒಬ್ಬರನ್ನು ಕರೆಸಿ, ಪ್ಲಗ್ ಪಾಯಿಂಟಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿಸಿ, ನೀವಾಗಿ ಕೈಹಾಕಬೇಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್ ಇದ್ದರೆ, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ. ನಮ್ಮ ಕಡೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿ ನೆಲ ಬಿರಿದಾಗ ಅರ್ಥಿಂಗ್ ಗುಂಡಿಯ ತೇವವೂ ಆರಿಹೋಗುತ್ತದೆ. ಒಣ ಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಇಳಿಯುವುದಿಲ್ಲ. ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಆಗಾಗ ನೀರು ಹೊಯ್ಯುವ ಪದ್ಧತಿ ಬಂದಿದ್ದು ಇದಕ್ಕಾಗಿಯೇ.

ಹಮ್ಮಿಂಗ್ ಹೋಗುತ್ತದೆಂದು ಯಾರಾದರೂ ಆಂಪ್ಲಿಫೈಯರ್ ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸಲು ಹೇಳಿದರೆ ಒಪ್ಪಬೇಡಿ. ಸದ್ದು ಹೋದೀತು, ಆದರೆ ಕಾಪಾಡುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ಉತ್ತರ – ಬಳ್ಳಾರಿ

ಮೇಲಿನ ಮಾತುಗಳೊಂದಿಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ನಾನು ಇಲ್ಲಿ ಒಂದು ಚಿಕ್ಕ ಸ್ಟುಡಿಯೋ ನಡೆಸುತ್ತೇನೆ. ಇಂಟರ್‌ಫೇಸ್ ಸುಟ್ಟುಕೊಂಡು ಬಂದವರನ್ನು ಕಂಡಿದ್ದೇನೆ. ಗುಡಿ, ಮಸೀದಿ, ಶಾಲೆಗಳಲ್ಲಿ ಹಾರ್ನ್ ಸ್ಪೀಕರುಗಳಿಗೆ ಬಳಸುವ ಆಂಪ್ಲಿಫೈಯರುಗಳಲ್ಲಿ 70 ಅಥವಾ 100 ವೋಲ್ಟ್ ಎಂದು ಬರೆದ ತಿರುಪುಗಳಿರುತ್ತವೆ. ಉದ್ದದ ವೈರಿನಲ್ಲಿ ಸದ್ದನ್ನು ದೂರ ಒಯ್ಯಲು ಇರುವ ವ್ಯವಸ್ಥೆ ಅದು. ಅಲ್ಲಿಂದಾಗಲಿ, ಸಾಮಾನ್ಯ ಸ್ಪೀಕರ್ ತಿರುಪುಗಳಿಂದಾಗಲಿ ಇಂಟರ್‌ಫೇಸಿಗೆ ಎಂದೂ ವೈರ್ ಎಳೆಯಬಾರದು. ಲೈನ್ ಔಟ್ ಎಂದು ಸ್ಪಷ್ಟವಾಗಿ ಬರೆದ ಆರ್‌ಸಿಎ ಕಿಂಡಿಯನ್ನು ಮಾತ್ರ ಬಳಸಿರಿ.

ಅರ್ಥಿಂಗ್ ಸರಿಯಾದ ಮೇಲೂ ಸಣ್ಣದಾಗಿ ಹಮ್ಮಿಂಗ್ ಉಳಿದರೆ, ಆರ್‌ಸಿಎ ವೈರ್ ಮತ್ತು ಇಂಟರ್‌ಫೇಸ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್ ಒಂದನ್ನು ಇಡಿ. ಅದರೊಳಗಿನ ಎರಡು ತಂತಿಸುರುಳಿಗಳು ಒಂದನ್ನೊಂದು ಮುಟ್ಟದೆ ಕಾಂತಕ್ಷೇತ್ರದ ಮೂಲಕವೇ ಧ್ವನಿಯನ್ನು ದಾಟಿಸುತ್ತವೆ. ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಆ ವೈರಿನ ಜಾಲರಿಯ ದಾರಿಯಷ್ಟೇ ಕಡಿಯುತ್ತದೆ, ಪ್ಲಗ್ಗಿನ ಅರ್ಥಿಂಗಿಗೆ ಏನೂ ಆಗುವುದಿಲ್ಲ.

ಮರುಪ್ರಶ್ನೆ – ಯಲಬುರ್ಗಾ ತಾಲ್ಲೂಕು

ನಿನ್ನೆ ವೈರ್‌ಮನ್ ಬಂದಿದ್ದರು. ಫೇಸ್ ಮತ್ತು ಅರ್ಥ್ ನಡುವೆ 60 ವೋಲ್ಟ್ ಕೂಡ ತೋರಿಸಲಿಲ್ಲ, ಅದೂ ಸ್ಥಿರವಾಗಿ ನಿಲ್ಲದೆ ಅಂಕಿಗಳು ಕುಣಿಯುತ್ತಿದ್ದವು. ಗುಡಿಯ ಹಿಂದೆ ಬೇವಿನ ಗಿಡದ ಬುಡದಲ್ಲಿ ಅರ್ಥಿಂಗ್ ಗುಂಡಿ ಇದೆಯೆಂದು ಹಿರಿಯರು ತೋರಿಸಿದರು. ಒಣ ಎಲೆಗಳನ್ನು ಸರಿಸಿ ಮಣ್ಣು ತೆಗೆದಾಗ ಪೈಪಿನ ಬಾಯಿ ಕಾಣಿಸಿತು. ಅದರ ಕೊರಳಿಗೆ ಬೋಲ್ಟಿನಿಂದ ಬಿಗಿದಿದ್ದ ತಂತಿಯನ್ನು ವೈರ್‌ಮನ್ ಎರಡು ಬೆರಳಿನಲ್ಲಿ ಹಿಡಿದು ಅಲುಗಾಡಿಸಿದರು, ತುಕ್ಕು ಹಿಡಿದ ಆ ತಂತಿ ಅವರ ಕೈಯಲ್ಲಿಯೇ ಪುಡಿಪುಡಿಯಾಗಿ ಉದುರಿತು. ಎಷ್ಟು ವರ್ಷಗಳಿಂದ ಹಾಗಿತ್ತೋ, ಅಷ್ಟೂ ವರ್ಷ ಕರವಸ್ತ್ರ ಸುತ್ತಿದ ಮೈಕಿನಲ್ಲಿ ಹಾಡಿದವರನ್ನು ನೆನೆದು ಎದೆ ನಡುಗಿತು.

ಹೊಸ ತಂತಿ ಎಳೆದು, ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನಾಲ್ಕು ಕೊಡ ನೀರು ಹೊಯ್ದೆವು. ಈಗ ಫೇಸ್ ಮತ್ತು ಅರ್ಥ್ ನಡುವೆ 226 ವೋಲ್ಟ್ ತೋರಿಸುತ್ತಿದೆ. ಅವರ ಸಲಹೆಯಂತೆ, ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಪವರ್ ಬ್ಯಾಂಕಿನೊಂದಿಗೆ ಆರ್‌ಸಿಎ ವೈರ್ ಹಾಕಿ ಮುದ್ರಿಸಿದರೆ, ಹೆಡ್‌ಫೋನಿನ ವಾಲ್ಯೂಮನ್ನು ಪೂರ್ತಿ ಏರಿಸಿದಾಗ ಮಾತ್ರ ಎಲ್ಲೋ ತಳದಲ್ಲಿ ಹಮ್ಮಿಂಗ್ ಕೇಳಿಸುತ್ತದೆ. ಡಿಐ ಬಾಕ್ಸ್ ತರಿಸುತ್ತಿದ್ದೇನೆ.

ಒಂದು ಹೊಸ ಸಮಸ್ಯೆ ಎದುರಾಗಿದೆ. ಮುದ್ರಣವನ್ನು ಪರಿಚಯದವರ ಲ್ಯಾಪ್‌ಟಾಪಿನಲ್ಲಿ ಹಾಕಿದಾಗ ಶ್ರುತಿ ಏರಿ ಕೇಳಿಸುತ್ತಿದೆ. ನಾನು ಇಷ್ಟು ಮೇಲಿನಿಂದ ಹಾಡಿಲ್ಲವೆಂದು ನಮ್ಮ ತಂದೆಯವರು ತಕ್ಷಣ ಹೇಳಿದರು.

ಉತ್ತರ – ಬಳ್ಳಾರಿ

ನಿಮ್ಮ ತಂದೆಯವರ ಕಿವಿ ಸರಿಯಾಗಿಯೇ ಹಿಡಿದಿದೆ. ಗ್ಯಾರೇಜ್‌ಬ್ಯಾಂಡ್ ಐಪ್ಯಾಡಿನಲ್ಲಿ ಸೆಕೆಂಡಿಗೆ ಧ್ವನಿಯ 44,100 ಮಾದರಿಗಳಂತೆ (ಸ್ಯಾಂಪಲ್) ಮುದ್ರಿಸುತ್ತದೆ. ಲ್ಯಾಪ್‌ಟಾಪಿನ ತಂತ್ರಾಂಶ 48,000ಕ್ಕೆ ಹೊಂದಿಸಿದ್ದು, ಫೈಲನ್ನು ಪರಿವರ್ತಿಸದೆ ಹಾಗೆಯೇ ಓಡಿಸಿರಬೇಕು. ಆಗ ಶ್ರುತಿ ಹತ್ತಿರ ಹತ್ತಿರ ಒಂದೂವರೆ ಮನೆ ಏರುತ್ತದೆ. ಕರಿ ಒಂದರ ಷಡ್ಜ ಬಿಳಿ ಎರಡಕ್ಕೂ ಕರಿ ಎರಡಕ್ಕೂ ನಡುವೆ ಹೋಗಿ ಕೂರುತ್ತದೆ. ಖಚಿತಪಡಿಸಿಕೊಳ್ಳಲು ಅವಧಿಯನ್ನು ನೋಡಿ: ಹತ್ತು ನಿಮಿಷದ ಮುದ್ರಣ ಅಲ್ಲಿ 9 ನಿಮಿಷ 11 ಸೆಕೆಂಡಿಗೆ ಮುಗಿದರೆ ಕಾರಣ ಇದೇ. ಅಲ್ಲಿನ ಪ್ರಾಜೆಕ್ಟನ್ನು 44,100ಕ್ಕೆ ಬದಲಿಸಿ ಫೈಲನ್ನು ಮತ್ತೆ ತಂದುಕೊಳ್ಳಿ. ಪಿಚ್ ಇಳಿಸುವ ಎಫೆಕ್ಟ್ ಹಾಕಿ ಸರಿಪಡಿಸಲು ಹೋಗಬೇಡಿ. ಅದು ಕಂಠದ ಗುಣವನ್ನೇ ಕೆಡಿಸುತ್ತದೆ.

ಯಲಬುರ್ಗಾ ತಾಲ್ಲೂಕು

ಅವಧಿ ನೋಡಿದೆ, ನೀವು ಹೇಳಿದ ಲೆಕ್ಕಕ್ಕೇ ಸರಿಹೊಂದಿತು. ಪ್ರಾಜೆಕ್ಟ್ ಬದಲಿಸಿದ ಮೇಲೆ ಶ್ರುತಿ ಹಾರ್ಮೋನಿಯಂಗೆ ಕೂಡಿಕೊಂಡಿದೆ.

ಈ ಅಮಾವಾಸ್ಯೆಗೆ ಡಿಐ ಬಾಕ್ಸ್ ಇಟ್ಟು ರಾತ್ರಿ ಹತ್ತರಿಂದ ಎರಡು ಗಂಟೆಯವರೆಗೆ ಮುದ್ರಿಸಿದೆವು. 10,000 ಮಿಲಿಆಂಪ್-ಗಂಟೆಯ ಪವರ್ ಬ್ಯಾಂಕ್ ಕೊನೆಯವರೆಗೂ ಬಂತು. ಎರಡೂ ಚಾನೆಲ್‌ಗಳಲ್ಲಿ ಹಮ್ಮಿಂಗ್ ಇಲ್ಲ. ಪದ ಮುಗಿದ ಮೇಲೆ ಏಕತಾರಿಯ ನಾದ ತಾನಾಗಿ ಕರಗುವವರೆಗೂ ಕೇಳಿಸುತ್ತದೆ. ತಂದೆಯವರು ಮೊದಲ ಬಾರಿಗೆ ಕರವಸ್ತ್ರವಿಲ್ಲದೆ ಮೈಕ್ ಹಿಡಿದು ಹಾಡಿದರು. ಮುದ್ರಣದಲ್ಲಿ ಈಗ ಉಳಿದಿರುವುದು ಮೇಲಿನ ಫ್ಯಾನಿನ ಸದ್ದು ಮಾತ್ರ. ಈ ಸೆಕೆಯಲ್ಲಿ ಅದನ್ನು ಆರಿಸಿರೆಂದು ಹಿರಿಯರಿಗೆ ಹೇಳಲಾರೆ, ಮುಂದಿನ ಸಲ ಮೈಕನ್ನು ಕಂಬದ ಮರೆಗೆ ಸರಿಸಿ ನೋಡುತ್ತೇನೆ.