ಪದಚರ್ಚೆ: ಲೋಹಕ್ಕೂ ನಾರಿಗೂ ನಡುವಿನದು ‘ಬೆಸುಗೆ’ಯೇ?

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಅಲ್ಯೂಮಿನಿಯಂ ಹಾಳೆ, ಗಾಜಿನ ನಾರಿನ ಪ್ರಿಪ್ರೆಗ್ (ಮೊದಲೇ ಎಪಾಕ್ಸಿ ಅಂಟು ತುಂಬಿಸಿದ ನಾರಿನ ಹಾಳೆ) ಒಂದರ ಮೇಲೊಂದು ಇಟ್ಟು ಮಾಡುವ ಗ್ಲೇರ್ ಮಾದರಿಯ ಫಲಕಗಳ ಬಗ್ಗೆ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪ್ರಯೋಗ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಬಾಂಡಿಂಗ್’ಗೆ, ಎಂದರೆ ಪದರಗಳು ಅಂಟಿನಿಂದ ಕೂಡಿಕೊಳ್ಳುವುದಕ್ಕೆ, ‘ಬೆಸುಗೆ’ ಎಂದಿದೆ. ಫಲಕ ಹೇಗೆ ಬಿಟ್ಟುಕೊಂಡರೂ ‘ಪದರ ಬಿಟ್ಟಿದೆ’ ಎಂಬ ಒಂದೇ ಮಾತು ಬಳಸಿದ್ದಾರೆ. ಎರಡೂ ಸರಿ ಕಾಣುತ್ತಿಲ್ಲ. ಏನು ಹೇಳುತ್ತೀರಿ?

ಚಿಕ್ಕಮಗಳೂರಿನಿಂದ:
‘ಬೆಸುಗೆ’ ಖಂಡಿತ ಬೇಡ ಸರ್. ಬೆಸುಗೆ ಎಂದರೆ ಲೋಹ ಕರಗಬೇಕು. ಇಲ್ಲಿ 120 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುವುದು ಎಪಾಕ್ಸಿ ಗಟ್ಟಿಯಾಗಲಿ ಎಂದು. ಅಲ್ಯೂಮಿನಿಯಂ ಅದರಿಂದ ಕರಗುವುದಿಲ್ಲ. ನನ್ನ ಆಯ್ಕೆ ‘ಕಚ್ಚಿಕೆ’. ನುಣುಪು ಗೋಡೆಗೆ ಗಾರೆ ಕಚ್ಚುವುದಿಲ್ಲ ಎನ್ನುತ್ತೇವಲ್ಲ, ಅದೇ ಅರ್ಥ. ಹಾಳೆಯ ಜಿಡ್ಡು ತೆಗೆದು, ಕ್ಷಾರದಲ್ಲಿ ತೊಳೆದು, ಆಮ್ಲದಲ್ಲಿ ಹಳೆಯ ಆಕ್ಸೈಡ್ ಕಳೆದು, ಸುಮಾರು ಶೇ. 10ರ ಫಾಸ್ಫಾರಿಕ್ ಆಮ್ಲದಲ್ಲಿ 10 ವೋಲ್ಟ್ ಕೊಟ್ಟು 20–25 ನಿಮಿಷ ಆನೊಡೈಸ್ ಮಾಡಿದರೆ, ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಹೊಸ ಆಕ್ಸೈಡ್ ಪದರ ಬೆಳೆಯುತ್ತದೆ. ಅಂಟಿಗೆ ಮೊದಲು ಬಳಿಯುವ ಪ್ರೈಮರ್ ಆ ರಂಧ್ರಗಳಿಗೆ ಇಳಿದು ಹಿಡಿಯುತ್ತದೆ. ಕೈಬೆರಳು ತಾಗಿದರೆ, ಪ್ರೈಮರ್ ಬಳಿಯುವುದು ತಡವಾದರೆ, ಈ ಶ್ರಮವೆಲ್ಲ ವ್ಯರ್ಥ. ಶುಚಿಯಾಗಿದೆಯೇ ಎಂದು ತಿಳಿಯಲು, ಆನೊಡೈಸ್‌ಗೆ ಮೊದಲು ತೊಳೆದ ಹಾಳೆಯನ್ನು ನಿಲ್ಲಿಸಿ ನೋಡಲಿ: ನೀರು ಅರ್ಧ ನಿಮಿಷ ಒಂದೇ ಹಾಳೆಯಂತೆ ನಿಲ್ಲಬೇಕು. ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ.

ಎರಡನೆಯದಾದ ‘ಪದರ ಬಿಟ್ಟಿದೆ’ಗೆ ಮೂರು ಮಾತು ಬೇಕೇ ಬೇಕು, ಏಕೆಂದರೆ ಪರಿಹಾರ ಮೂರೂ ಬೇರೆ. ಲೋಹ ಬರಿದಾಗಿ ಹೊಳೆದರೆ ‘ಅಂಟು ಬಿಟ್ಟಿದೆ’. ಮೊದಲು ಮೇಲ್ಮೈ ತಯಾರಿಯನ್ನೇ ಅನುಮಾನಿಸಬೇಕು. ಎರಡೂ ಮುಖದಲ್ಲಿ ಅಂಟು ಉಳಿದಿದ್ದರೆ ‘ಅಂಟು ಸೀಳಿದೆ’. ಕಚ್ಚಿಕೆ ಚೆನ್ನಾಗಿಯೇ ಇದೆ. ಅದೂ ಕಡಿಮೆ ಬಲಕ್ಕೇ ಸೀಳಿದ್ದರೆ ಒತ್ತಡ, ಶಾಖ, ಗಾಳಿಗುಳ್ಳೆ ನೋಡಬೇಕು. ನಾರಿನ ಪದರದೊಳಗೇ ಒಡೆದರೆ ‘ನಾರು ಬಿಚ್ಚಿದೆ’.

ನಮ್ಮ ಮಲೆನಾಡಿನ ಮಳೆಗಾಲಕ್ಕೆಂದು ಇನ್ನೊಂದು ಸಾಲು ಸೇರಿಸಿ. ಮೈನಸ್ 18 ಡಿಗ್ರಿಯ ಫ್ರೀಜರಿನಿಂದ ತೆಗೆದ ಪ್ರಿಪ್ರೆಗ್‌ನ ಚೀಲವನ್ನು ಕೂಡಲೇ ಬಿಚ್ಚಿದರೆ ಅದು ಬೆವರುತ್ತದೆ. ಆ ನೀರು ಶಾಖಕ್ಕೆ ಆವಿಯಾಗಿ ಗುಳ್ಳೆ ಏಳುತ್ತದೆ. ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ಮುಚ್ಚಿಯೇ ಇರಲಿ. ‘ಬೆವರು’ ಎಂದೇ ಬರೆಯಿರಿ, ‘ಸಾಂದ್ರೀಕರಣ’ ಬೇಡ.

ಹಾಸನದಿಂದ:
‘ಕಚ್ಚಿಕೆ’ ಒಪ್ಪಿದೆ. ಕಾರ್ಬನ್ ನಾರು ಅಲ್ಯೂಮಿನಿಯಂಗೆ ನೇರ ತಾಗಿ, ತೇವವೂ ಸೇರಿದರೆ ಲೋಹ ತಿಂದುಹೋಗುತ್ತದೆ, ನಡುವೆ ಗಾಜಿನ ನಾರಿನ ಪದರ ಇಡಿ ಎಂಬ ಎಚ್ಚರಿಕೆಯಲ್ಲಿ ‘ತುಕ್ಕು’ ಎಂದಿದೆ. ತುಕ್ಕು ಕಬ್ಬಿಣದ್ದಲ್ಲವೇ? ಬಿಳಿ ಪುಡಿ ಬಿಡುವ ಇದಕ್ಕೆ ‘ಲೋಹಸವೆತ’ ಆದೀತೇ?